ಮೇಲ್ ಬರುತ್ತದೆ, ಹೋಗುವುದಿಲ್ಲ: ಔಟ್‌ಗೋಯಿಂಗ್ ಸರ್ವರ್ ಟೈಮ್ಔಟ್

ಕರಡು_ತಿದ್ದುವವಳು · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ತಿದ್ದಿದ ಪುಟಗಳನ್ನು ಪಿಡಿಎಫ್ ಮಾಡಿ ಮೇಲ್‌ನಲ್ಲಿ ಕಳಿಸುತ್ತೇನೆ. ವಿಂಡೋಸ್ 10, ಮೇಲ್‌ಗೆ ಥಂಡರ್‌ಬರ್ಡ್ ಎಂಬ ಪ್ರೋಗ್ರಾಂ. ಹತ್ತು ವರ್ಷಕ್ಕಿಂತ ಜಾಸ್ತಿಯಾಯಿತು, ಇದೇ ಪ್ರೋಗ್ರಾಂ, ಇದೇ ಐಡಿ. ಅಷ್ಟರಲ್ಲಿ ಮೂರು ಕಂಪ್ಯೂಟರ್ ಬದಲಾಗಿವೆ. ಆದರೆ ಮೇಲ್, ಸೆಟ್ಟಿಂಗ್ ಎಲ್ಲ ಇರುವ ಪ್ರೊಫೈಲ್ ಫೋಲ್ಡರನ್ನು ಮಾತ್ರ ಪ್ರತಿ ಸಲ ಹಾಗೇ ಎತ್ತಿಕೊಂಡು ಬಂದಿದ್ದೇನೆ.

ಎರಡು ವಾರದ ಹಿಂದೆ ಇಂಟರ್ನೆಟ್ ಕನೆಕ್ಷನ್ ಬದಲಾಯಿಸಿದೆ. ಅವತ್ತಿನಿಂದ ಒಂದು ಮೇಲೂ ಹೊರಗೆ ಹೋಗುತ್ತಿಲ್ಲ. ಒಳಗೆ ಮಾತ್ರ ಎಲ್ಲ ಬರುತ್ತವೆ. ಬೇಡದವೂ ಬರುತ್ತವೆ. ಸೆಂಡ್ ಒತ್ತಿದರೆ ಸಣ್ಣ ಕಿಟಕಿಯೊಂದು ತೆರೆದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಇರುತ್ತದೆ. ಆಮೇಲೆ ಬರುವ ಸಂದೇಶದ ಅರ್ಥ ಹೀಗಿದೆ: ಔಟ್‌ಗೋಯಿಂಗ್ ಸರ್ವರ್ ಜೊತೆಗಿನ ಕನೆಕ್ಷನ್ ಟೈಮ್ಔಟ್ ಆದ್ದರಿಂದ ಮೇಲ್ ಕಳಿಸಲು ಆಗಲಿಲ್ಲ, ಮತ್ತೆ ಪ್ರಯತ್ನಿಸಿ. ಮತ್ತೆ ಪ್ರಯತ್ನಿಸಿದೆ. ಹದಿನೇಳು ಸಲ.

ಮಾಡಿ ನೋಡಿದ್ದು ಇಷ್ಟು. ಪಾಸ್‌ವರ್ಡ್ ಅಳಿಸಿ ಹೊಸದಾಗಿ ಕೊಟ್ಟೆ. ರೌಟರ್ ಆಫ್ ಮಾಡಿ ಆನ್ ಮಾಡಿದೆ. ಅದೇ ವೈಫೈಯಲ್ಲಿ ಮೊಬೈಲ್‌ನಿಂದ ಅದೇ ಐಡಿಯಲ್ಲಿ ಕಳಿಸಿದರೆ ಒಂದು ಕ್ಷಣದಲ್ಲಿ ಹೋಗುತ್ತದೆ. ಹಾಗಾದರೆ ಇಂಟರ್ನೆಟ್ ಸರಿ ಇದೆ, ಐಡಿ ಸರಿ ಇದೆ, ಸರ್ವರ್ ಸರಿ ಇದೆ. ಮತ್ತೆ ತಪ್ಪು ಯಾರದು? ಹೊಸ ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿದೆ. ಬ್ರೌಸರ್‌ನಲ್ಲಿ ಪುಟ ತೆರೆಯುತ್ತಿದೆಯಾ ಅಂತ ಕೇಳಿದರು. ಹೌದು ಅಂದೆ. ಹಾಗಾದರೆ ನಮ್ಮ ಕಡೆ ಎಲ್ಲ ಸರಿ ಇದೆ ಅಂದು ಇಟ್ಟುಬಿಟ್ಟರು.

ಗುರುವಾರದೊಳಗೆ ಒಂದು ಪುಸ್ತಕದ ಕೊನೆಯ ಕರಡು ಕಳಿಸಬೇಕು. ಯಾರಾದರೂ ದಾರಿ ತೋರಿಸಿ.

ಬೇಗ_ಬೇಗ · ಸೋಮವಾರ, ರಾತ್ರಿ 9.52

ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿ ಮೇಡಂ. ನನಗೆ ಯಾವಾಗಲೂ ಅದರಿಂದ ಸರಿಹೋಗುತ್ತದೆ.

ಹಳೇ_ಮೋಡೆಮ್ · ಸೋಮವಾರ, ರಾತ್ರಿ 10.15

ಬೇಡ, ದಯವಿಟ್ಟು ಅದನ್ನು ಮಾಡಬೇಡಿ. ಪ್ರೋಗ್ರಾಂ ತೆಗೆದರೂ ಪ್ರೊಫೈಲ್ ಫೋಲ್ಡರ್ ಅಲ್ಲೇ ಉಳಿಯುತ್ತದೆ. ಮತ್ತೆ ಹಾಕಿದರೆ ಅದೇ ಹಳೇ ಸೆಟ್ಟಿಂಗ್ ಬಂದು ಕೂರುತ್ತದೆ. ಸಮಸ್ಯೆ ಆ ಫೋಲ್ಡರ್‌ನಲ್ಲೇ ಇದೆ ಎಂದು ನನ್ನ ಅನುಮಾನ. ಹತ್ತು ವರ್ಷದ ಪ್ರೊಫೈಲ್ ಅಂದಿರಲ್ಲ, ಅಲ್ಲಿ ಕಿವಿ ನಿಮಿರಿತು.

ನೀವು ಸಂದೇಶವನ್ನು ಸರಿಯಾಗಿ ಬರೆದಿದ್ದು ಒಳ್ಳೆಯದಾಯಿತು. ಇಲ್ಲಿಗೆ ಬರುವ ಹತ್ತರಲ್ಲಿ ಒಂಬತ್ತು ಜನ 'ಕನೆಕ್ಟ್ ಆಗ್ತಿಲ್ಲ' ಅಂತಷ್ಟೇ ಬರೆಯುತ್ತಾರೆ. ಟೈಮ್ಔಟ್ ಬೇರೆ, ರೆಫ್ಯೂಸ್ಡ್ ಬೇರೆ. ರೆಫ್ಯೂಸ್ಡ್ ಅಂದರೆ ಆ ಕಡೆಯ ಯಂತ್ರ ನಿಮ್ಮ ಪ್ಯಾಕೆಟ್ (ನೀವು ಕಳಿಸಿದ ಡೇಟಾದ ತುಣುಕು) ನೋಡಿ ಬೇಡ ಅಂದಿದೆ. ಬೇಡ ಅನ್ನುವುದೂ ಒಂದು ಉತ್ತರವೇ, ಅದು ತಕ್ಷಣ ಬರುತ್ತದೆ. ಟೈಮ್ಔಟ್ ಅಂದರೆ ಉತ್ತರವೇ ಇಲ್ಲ. ಪಾಸ್‌ವರ್ಡ್ ತಪ್ಪಿದ್ದರೆ ಟೈಮ್ಔಟ್ ಬರುವುದಿಲ್ಲ, ಪಾಸ್‌ವರ್ಡ್ ತಪ್ಪು ಅಂತಲೇ ಬರುತ್ತದೆ. ಹಾಗಾಗಿ ಅದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

ಎರಡು ವಿಷಯ ನೋಡಿ ಹೇಳಿ.

ಅಕೌಂಟ್ ಸೆಟ್ಟಿಂಗ್ಸ್ ತೆರೆದು ಎಡಗಡೆಯ ಪಟ್ಟಿಯ ತೀರಾ ಕೆಳಗೆ ಔಟ್‌ಗೋಯಿಂಗ್ ಸರ್ವರ್ ಎಂದಿರುತ್ತದೆ. ಅಲ್ಲಿ ಪೋರ್ಟ್ ನಂಬರ್ (ಸರ್ವರ್‌ನ ಯಾವ ಬಾಗಿಲು ಎನ್ನುವ ಸಂಖ್ಯೆ) ಎಷ್ಟು, ಕನೆಕ್ಷನ್ ಸೆಕ್ಯುರಿಟಿ ಏನಿದೆ?

ಇನ್ನೊಂದು, ಸೆಂಡ್ ಒತ್ತಿದ ಮೇಲೆ ತಪ್ಪಿನ ಸಂದೇಶ ಬರಲು ಎಷ್ಟು ಸೆಕೆಂಡ್ ಆಗುತ್ತದೆ? ಅಂದಾಜು ಬೇಡ, ಗಡಿಯಾರ ನೋಡಿ.

ಕರಡು_ತಿದ್ದುವವಳು · ಸೋಮವಾರ, ರಾತ್ರಿ 10.31

ಪೋರ್ಟ್ 25. ಸೆಕ್ಯುರಿಟಿ ಸ್ಟಾರ್ಟ್‌ಟಿಎಲ್‌ಎಸ್. ಮೂರು ಸಲ ಗಡಿಯಾರ ಹಿಡಿದು ನೋಡಿದೆ: 21, 22, 21 ಸೆಕೆಂಡ್.

25 ಅಂತ ನಾನು ಯಾವಾಗ ಹಾಕಿದೆನೋ ನೆನಪಿಲ್ಲ. ಹಳೇ ಕನೆಕ್ಷನ್‌ನಲ್ಲಿ ಇದೇ 25 ಇಟ್ಟುಕೊಂಡು ಇಷ್ಟು ವರ್ಷ ಕಳಿಸಿದ್ದೇನೆ.

ಹಳೇ_ಮೋಡೆಮ್ · ಸೋಮವಾರ, ರಾತ್ರಿ 10.58

ಸಿಕ್ಕಿತು. ಕಡೇಪಕ್ಷ ಮೊದಲನೆಯದು ಸಿಕ್ಕಿತು.

25 ಬಹಳ ಹಳೆಯ ಪೋರ್ಟ್. ಮೇಲ್ ಕಳಿಸುವ ನಿಯಮವಾದ ಎಸ್ಎಂಟಿಪಿಯನ್ನು 1982ರಲ್ಲಿ ಬರೆದಿಟ್ಟಾಗ ಮೇಲ್ ಕಳಿಸಲು ಇದ್ದದ್ದು ಅದೊಂದೇ. ನೀವು ನಿಮ್ಮ ಸರ್ವರ್‌ಗೆ ಕೊಡುವುದೂ ಅದರಲ್ಲೇ, ಒಂದು ಸರ್ವರ್ ಇನ್ನೊಂದಕ್ಕೆ ದಾಟಿಸುವುದೂ ಅದರಲ್ಲೇ. ಆಮೇಲೆ ವೈರಸ್ ಹತ್ತಿದ ಕಂಪ್ಯೂಟರ್‌ಗಳು ಮಾಲೀಕರಿಗೆ ಗೊತ್ತಿಲ್ಲದಂತೆ ಅದೇ ಪೋರ್ಟ್‌ನಿಂದ ಸ್ಪ್ಯಾಮ್ ಸುರಿಯತೊಡಗಿದವು. ಅದಕ್ಕೇ ಇಂಟರ್ನೆಟ್ ಕೊಡುವ ಎಷ್ಟೋ ಕಂಪನಿಗಳು ಮನೆ ಕನೆಕ್ಷನ್‌ಗಳಿಂದ 25ಕ್ಕೆ ಹೋಗುವುದನ್ನು ಮುಚ್ಚಿಬಿಟ್ಟವು. ನಿಮ್ಮ ಹಳಬರು ಮುಚ್ಚಿರಲಿಲ್ಲ, ಹೊಸಬರು ಮುಚ್ಚಿದ್ದಾರೆ, ಅಷ್ಟೇ. ಮುಚ್ಚುವವರು ಸಾಮಾನ್ಯವಾಗಿ ಬೇಡ ಅಂತ ಹೇಳುವುದಿಲ್ಲ. ಪ್ಯಾಕೆಟ್ಟನ್ನು ಮಾತಿಲ್ಲದೆ ಬಿಸಾಕುತ್ತಾರೆ. ನಿಮ್ಮ ವಿಂಡೋಸ್ ಒಂದೆರಡು ಸಲ ಮತ್ತೆ ಕಳಿಸಿ, ಕಾದು, 21 ಸೆಕೆಂಡಿಗೆ ಕೈಚೆಲ್ಲುತ್ತದೆ.

ಒಳಬರುವ ಮೇಲ್‌ಗೆ ಇದರ ಬಿಸಿ ತಟ್ಟುವುದಿಲ್ಲ. ಅದು ಐಮ್ಯಾಪ್ ಎಂಬ ಬೇರೆ ಪದ್ಧತಿ, ಪೋರ್ಟ್ 993. ಮೊಬೈಲ್‌ನಲ್ಲಿ ನೀವು ಇತ್ತೀಚೆಗೆ ಐಡಿ ಹಾಕಿರುತ್ತೀರಿ. ಅದು ತಾನಾಗಿ 465 ಅಥವಾ 587 ಆರಿಸಿಕೊಂಡಿರುತ್ತದೆ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲೇ ಇರುವ, ಆಜ್ಞೆ ಬರೆಯುವ ಪವರ್‌ಶೆಲ್ ತೆರೆಯಿರಿ. ಟೆಸ್ಟ್-ನೆಟ್‌ಕನೆಕ್ಷನ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು ನಿಮ್ಮ ಔಟ್‌ಗೋಯಿಂಗ್ ಸರ್ವರ್ ಹೆಸರು, ಮತ್ತೊಂದು ಸ್ಪೇಸ್, ಹೈಫನ್ ಸೇರಿಸಿ ಪೋರ್ಟ್ ಎಂಬ ಪದ, ಆಮೇಲೆ ನಂಬರ್. 25, 465, 587 ಮೂರನ್ನೂ ಒಂದೊಂದಾಗಿ ನೋಡಿ. ಕೊನೆಯ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಬರುತ್ತದೆ. ಹಳೇ ಲೇಖನಗಳಲ್ಲಿ ಟೆಲ್‌ನೆಟ್ ಬಳಸಿ ಅಂತಿರುತ್ತದೆ. ವಿಂಡೋಸ್‌ನಲ್ಲಿ ಅದನ್ನು ಬೇರೆಯಾಗಿ ಆನ್ ಮಾಡಬೇಕು, ಆ ತಲೆನೋವು ಬೇಡ.

ಕರಡು_ತಿದ್ದುವವಳು · ಸೋಮವಾರ, ರಾತ್ರಿ 11.20

25: ಕಾಯಿಸಿ ಕಾಯಿಸಿ ಫಾಲ್ಸ್. 465: ಟ್ರೂ. 587: ಟ್ರೂ. ನೀವು ಹೇಳಿದ ಹಾಗೇ!

ಖುಷಿಯಿಂದ ಪೋರ್ಟನ್ನು 465 ಮಾಡಿದೆ. ಎಲ್ಲೋ ಓದಿದ್ದೆ, 465 ಹೆಚ್ಚು ಸುರಕ್ಷಿತ ಅಂತ. ಸೆಂಡ್ ಒತ್ತಿದೆ. ಮತ್ತೆ ಟೈಮ್ಔಟ್. ಅದೇ ಸಂದೇಶ, ಒಂದಕ್ಷರ ಬದಲಾಗಿಲ್ಲ. ಟ್ರೂ ಅಂತ ಬಂದಮೇಲೂ ಹೀಗಾದರೆ ಏನರ್ಥ?

ಈ ಸಲವೂ ಗಡಿಯಾರ ನೋಡಿದೆ. 21 ಅಲ್ಲ. 100 ಸೆಕೆಂಡ್. ಇನ್ನೊಂದು ಸಲ ನೋಡಿದೆ, ಮತ್ತೆ ಸರಿಯಾಗಿ 100.

ಸೊನ್ನೆ_ಒಂದು · ಮಂಗಳವಾರ, ಬೆಳಿಗ್ಗೆ 7.05

ಹಳೇ ಮೋಡೆಮ್ ಸರ್ ಮಲಗಿರಬೇಕು, ನಾನು ಹೇಳುತ್ತೇನೆ.

ಪೋರ್ಟ್ ಬದಲಾಯಿಸಿದಿರಿ, ಅದರ ಕೆಳಗಿನ ಸೆಕ್ಯುರಿಟಿಯನ್ನು ಸ್ಟಾರ್ಟ್‌ಟಿಎಲ್‌ಎಸ್‌ನಲ್ಲೇ ಬಿಟ್ಟಿರಿ ಅಲ್ವಾ? ಅಲ್ಲೇ ಎಡವಟ್ಟು.

ಸ್ಟಾರ್ಟ್‌ಟಿಎಲ್‌ಎಸ್ ರೀತಿಯಲ್ಲಿ ಮೊದಲು ಸರ್ವರ್ ಮಾತಾಡಬೇಕು. 220 ಎಂದು ಶುರುವಾಗುವ ಒಂದು ಸಾಲು ಕಳಿಸುತ್ತದೆ. ಅದು ಮಾಮೂಲಿ ಅಕ್ಷರಗಳಲ್ಲೇ ಇರುತ್ತದೆ. ಆಮೇಲೆ ನಿಮ್ಮ ಪ್ರೋಗ್ರಾಂ, ಇನ್ನು ಮುಂದೆ ಗುಟ್ಟಿನಲ್ಲಿ ಮಾತಾಡೋಣ ಅನ್ನುತ್ತದೆ. 587ರ ಪದ್ಧತಿ ಇದು. 465ರದ್ದು ಹಾಗಲ್ಲ. ಅಲ್ಲಿ ಮೊದಲ ಅಕ್ಷರದಿಂದಲೇ ಗುಟ್ಟು, ಅದನ್ನು ಶುರು ಮಾಡಬೇಕಾದ್ದು ನಿಮ್ಮ ಪ್ರೋಗ್ರಾಂ. ಈಗ ನಿಮ್ಮ ಪ್ರೋಗ್ರಾಂ ಸರ್ವರ್ ಮಾತಾಡಲಿ ಅಂತ ಕಾಯುತ್ತಿದೆ. ಸರ್ವರ್ ಪ್ರೋಗ್ರಾಂ ಮಾತಾಡಲಿ ಅಂತ ಕಾಯುತ್ತಿದೆ. ಇಬ್ಬರೂ ಬಾಯಿ ಬಿಡುವುದಿಲ್ಲ. ಥಂಡರ್‌ಬರ್ಡ್ ಸುಮ್ಮನೆ ಕಾಯುವ ಮಿತಿ 100 ಸೆಕೆಂಡ್. ಅದಾದ ಮೇಲೆ ಎದ್ದು ಹೋಗುತ್ತದೆ.

465 ಇಟ್ಟುಕೊಳ್ಳುವುದಾದರೆ ಎಸ್ಎಸ್ಎಲ್/ಟಿಎಲ್‌ಎಸ್ ಆರಿಸಿ. 587 ಆದರೆ ಸ್ಟಾರ್ಟ್‌ಟಿಎಲ್‌ಎಸ್. ಅಡ್ಡಡ್ಡ ಜೋಡಿಸಬಾರದು.

ಹಳೇ_ಮೋಡೆಮ್ · ಮಂಗಳವಾರ, ಬೆಳಿಗ್ಗೆ 8.30

ಮಲಗಿದ್ದೆ, ಹೌದು. ಸೊನ್ನೆ ಒಂದು ಹೇಳಿದ್ದು ಪೂರ್ತಿ ಸರಿ.

465ರ ಬಗ್ಗೆ ಒಂದು ಮಾತು, ಯಾಕೆಂದರೆ ಹುಡುಕಿದರೆ ಒಂದಕ್ಕೊಂದು ವಿರುದ್ಧವಾದ ಸಲಹೆ ಸಿಗುತ್ತದೆ. 1997ರ ಸುಮಾರಿಗೆ ಅದನ್ನು ಸುರಕ್ಷಿತ ಮೇಲ್‌ಗಾಗಿ ಇಟ್ಟಿದ್ದರು. ಸ್ವಲ್ಪ ದಿನಕ್ಕೇ ಕಿತ್ತುಕೊಂಡರು. 1998ರಲ್ಲಿ ಬಳಕೆದಾರರ ಮೇಲ್‌ಗೆ ಅಂತಲೇ 587 ಬಂತು. ಆದರೆ ಜನ 465 ಬಳಸುವುದನ್ನು ಬಿಡಲೇ ಇಲ್ಲ. ಕೊನೆಗೆ 2018ರಲ್ಲಿ ಆರ್‌ಎಫ್‌ಸಿ 8314 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ನಿಯಮಗಳ ದಾಖಲೆ) ಬಂದು, ಸರಿ, 465 ಬಳಸಿ, ಅದೇ ಒಳ್ಳೆಯದು ಅಂದಿತು. ಹಾಗಾಗಿ 2018ಕ್ಕಿಂತ ಹಿಂದಿನ ಲೇಖನದಲ್ಲಿ ಅದು ಸತ್ತ ಪೋರ್ಟ್, ಆಮೇಲಿನ ಲೇಖನದಲ್ಲಿ ಅದೇ ಉತ್ತಮ. ಎರಡನ್ನೂ ಬರೆದವರು ಸುಳ್ಳು ಹೇಳಿಲ್ಲ.

ಕರಡು_ತಿದ್ದುವವಳು · ಮಂಗಳವಾರ, ಬೆಳಿಗ್ಗೆ 9.12

ಹೋಯಿತು! ಎಸ್ಎಸ್ಎಲ್/ಟಿಎಲ್‌ಎಸ್ ಮಾಡಿದ ತಕ್ಷಣ ನನಗೆ ನಾನೇ ಕಳಿಸಿಕೊಂಡ ಪರೀಕ್ಷೆಯ ಮೇಲ್ ಎರಡೇ ಸೆಕೆಂಡಿನಲ್ಲಿ ಹೋಗಿ ಬಂತು. ಮುನಿಸಿಕೊಂಡ ಗಂಡ ಹೆಂಡತಿ ನೀನೇ ಮೊದಲು ಮಾತಾಡು ಅಂತ ಕೂತ ಹಾಗೆ ಇತ್ತು ಇದು. ನೂರು ಸೆಕೆಂಡಿಗೆ ಬಿಟ್ಟಿತಲ್ಲ, ಅದೇ ದೊಡ್ಡದು.

ಇಬ್ಬರಿಗೂ ತುಂಬಾ ಧನ್ಯವಾದ. ಈಗ ಕರಡು ಕಳಿಸುತ್ತೇನೆ.

ಕರಡು_ತಿದ್ದುವವಳು · ಮಂಗಳವಾರ, ಮಧ್ಯಾಹ್ನ 12.45

ಧನ್ಯವಾದ ಸ್ವಲ್ಪ ಬೇಗ ಹೇಳಿಬಿಟ್ಟೆ.

ಬರೀ ಅಕ್ಷರ ಇರುವ ಮೇಲ್‌ಗಳು ಹೋಗುತ್ತಿವೆ. ಪುಸ್ತಕದ ಪಿಡಿಎಫ್ 7 ಎಂಬಿ ಇದೆ. ಅದನ್ನು ಸೇರಿಸಿದರೆ ಮತ್ತೆ ಟೈಮ್ಔಟ್. ಮೂರು ಸಲ ಮಾಡಿದೆ. ಗಡಿಯಾರದ ಚಟ ಹತ್ತಿಬಿಟ್ಟಿದೆ, ಅದನ್ನೂ ಬರೆಯುತ್ತೇನೆ. ಸೆಂಡ್ ಒತ್ತಿದ ಮೂರು ಸೆಕೆಂಡಿನೊಳಗೆ ಹಸಿರು ಪಟ್ಟಿ ಪೂರ್ತಿ ತುಂಬುತ್ತದೆ. ಆಮೇಲೆ ತುಂಬಿದ ಪಟ್ಟಿ ಹಾಗೇ ನಿಂತಿರುತ್ತದೆ. ಮತ್ತೆ 100 ಸೆಕೆಂಡ್. ಆಮೇಲೆ ಟೈಮ್ಔಟ್.

ಅಪ್‌ಲೋಡ್ ವೇಗ ನೋಡಿದೆ, 0.6 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್). ಹಳೇ ಕನೆಕ್ಷನ್‌ನಲ್ಲಿ ಇದರ ಹತ್ತು ಪಟ್ಟು ಇತ್ತು. ಡೌನ್‌ಲೋಡ್ ಜೋರಾಗಿದೆ ಅಂತ ಬದಲಾಯಿಸಿದೆ. ಮೇಲಕ್ಕೆ ಹೋಗುವ ದಾರಿಯ ಬಗ್ಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೇಗ_ಬೇಗ · ಮಂಗಳವಾರ, ಮಧ್ಯಾಹ್ನ 12.50

ನೆಟ್ ಸ್ಲೋ ಇದೆ, ಅಷ್ಟೇ. ಪಿಡಿಎಫ್ ಸಣ್ಣದು ಮಾಡಿ.

ಸೊನ್ನೆ_ಒಂದು · ಮಂಗಳವಾರ, ಮಧ್ಯಾಹ್ನ 1.25

ಸ್ಲೋ ಇದ್ದ ಮಾತ್ರಕ್ಕೆ ಟೈಮ್ಔಟ್ ಆಗಬಾರದು. ಆ 100 ಸೆಕೆಂಡ್ ಒಟ್ಟು ಸಮಯಕ್ಕೆ ಹಾಕಿದ ಮಿತಿಯಲ್ಲ, ಏನೂ ನಡೆಯದೆ ಕಾಯುವುದಕ್ಕೆ ಹಾಕಿದ ಮಿತಿ. ನಿಧಾನವಾಗಿಯಾದರೂ ಹೋಗುತ್ತಲೇ ಇದ್ದರೆ ಅದು ಅಡ್ಡ ಬರುವುದಿಲ್ಲ.

ಮೊದಲು ನನಗೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೇಲೆ ಅನುಮಾನ ಬಂತು. ಸಣ್ಣದು ಹೋಗಿ ದೊಡ್ಡದು ನಿಂತರೆ ಎಷ್ಟೋ ಸಲ ಅದೇ ಕಾರಣ. ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲಿ ತೂರಲಾಗದೆ ಕಳೆದುಹೋಗುತ್ತವೆ. ಆದರೆ ಹಾಗಿದ್ದರೆ ಪಟ್ಟಿ ನಡುವೆಯೇ ಎಲ್ಲೋ ನಿಲ್ಲಬೇಕಿತ್ತು. ನಿಮ್ಮದು ಮೂರೇ ಸೆಕೆಂಡಿನಲ್ಲಿ ತುಂಬುತ್ತದೆ ಅಂತೀರಿ. ಅದೇ ವಿಚಿತ್ರ.

ಹಳೇ_ಮೋಡೆಮ್ · ಮಂಗಳವಾರ, ಸಂಜೆ 6.40

ವಿಚಿತ್ರ ಅಲ್ಲ, ಅದೇ ಉತ್ತರ. ಲೆಕ್ಕ ಹಾಕಿ. ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಇದ್ದ ಹಾಗೇ ಹೋಗುವುದಿಲ್ಲ. ಬೇಸ್64 ಎಂಬ ಅಕ್ಷರರೂಪಕ್ಕೆ ಬದಲಾಗುತ್ತದೆ, ಮೂರು ಬೈಟ್ ಇದ್ದದ್ದು ನಾಲ್ಕಾಗುತ್ತದೆ. ಸಾಲು ಮುರಿಯುವ ಗುರುತುಗಳೂ ಸೇರಿ ನಿಮ್ಮ 7 ಎಂಬಿ ಸುಮಾರು 9.5 ಎಂಬಿ ಆಗುತ್ತದೆ. ಅಂದರೆ 76 ಮೆಗಾಬಿಟ್. ಅದನ್ನು 0.6ರಿಂದ ಭಾಗಿಸಿದರೆ ಎರಡು ನಿಮಿಷದ ಮೇಲಾಯಿತು. ಎರಡು ನಿಮಿಷ ಹಿಡಿಯುವ ಕೆಲಸ ಮೂರು ಸೆಕೆಂಡಿನಲ್ಲಿ ಹೇಗೆ ಮುಗಿಯಿತು?

ಮುಗಿದಿಲ್ಲ. ಮೇಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗೇ ಇಲ್ಲ. ಒಳಗೇ ಯಾರೋ ಅದನ್ನು ನುಂಗಿದ್ದಾರೆ. ಆಂಟಿವೈರಸ್ ಇದೆಯಾ? ಇದ್ದರೆ ಹೊರಹೋಗುವ ಮೇಲನ್ನು ಸ್ಕ್ಯಾನ್ ಮಾಡುವ ಸೌಲಭ್ಯ ಆನ್ ಇದೆಯಾ ನೋಡಿ. ಇನ್ನೊಂದು ಸುಳಿವು: ಥಂಡರ್‌ಬರ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆಂಡ್ ಸೆಕ್ಯುರಿಟಿ, ಅಲ್ಲಿ ಮ್ಯಾನೇಜ್ ಸರ್ಟಿಫಿಕೇಟ್ಸ್, ಅದರಲ್ಲಿ ಅಥಾರಿಟೀಸ್ ಪಟ್ಟಿ. ಅಲ್ಲಿ ಆಂಟಿವೈರಸ್ ಹೆಸರಿದ್ದರೆ, ನಿಮ್ಮ ಪ್ರೋಗ್ರಾಂಗೂ ಸರ್ವರ್‌ಗೂ ನಡುವೆ ಅದು ಕೂತಿದೆ.

ನಡೆಯುತ್ತಿರುವುದು ಹೀಗೆ. ಥಂಡರ್‌ಬರ್ಡ್ ಮೇಲನ್ನು ಆಂಟಿವೈರಸ್ ಕೈಗೆ ಕೊಡುತ್ತದೆ. ಒಂದೇ ಕಂಪ್ಯೂಟರ್ ಒಳಗಾದ್ದರಿಂದ ಮೂರು ಸೆಕೆಂಡ್ ಸಾಕು. ಎಲ್ಲ ಕೊಟ್ಟಾಯಿತು, ಇನ್ನು ಬಂದು ಮುಟ್ಟಿತು ಎನ್ನುವ 250 ಉತ್ತರ ಬರಲಿ ಅಂತ ಕಾಯುತ್ತದೆ. ಆಂಟಿವೈರಸ್ ಹಿಂದುಗಡೆ ನಿಮ್ಮ ಸಣ್ಣ ದಾರಿಯಲ್ಲಿ ಅದನ್ನು ನಿಜವಾದ ಸರ್ವರ್‌ಗೆ ತಳ್ಳುತ್ತಿದೆ. ಎರಡು ನಿಮಿಷ ಬೇಕು. ನೂರು ಸೆಕೆಂಡಿಗೆ ಥಂಡರ್‌ಬರ್ಡ್ ತಾಳ್ಮೆ ಮುಗಿಯುತ್ತದೆ. ಎಸ್ಎಂಟಿಪಿಯ ನಿಯಮ ಆರ್‌ಎಫ್‌ಸಿ 5321, 2008ರದ್ದು. ಈ ಹಂತದಲ್ಲಿ 10 ನಿಮಿಷ ಕಾಯಿರಿ ಅನ್ನುತ್ತದೆ. ಎದುರಿಗೆ ಮನುಷ್ಯರು ಕೂತಿರುವ ಪ್ರೋಗ್ರಾಂಗಳು ಅಷ್ಟು ಕಾಯುವುದಿಲ್ಲ.

ಈಗ ಕೆಟ್ಟ ಸುದ್ದಿ. ಮೂರು ಸಲ ಕಳಿಸಿದೆ ಅಂದಿರಿ. ಕರಡು ಯಾರಿಗೆ ಕಳಿಸಿದಿರೋ ಅವರಿಗೆ ಒಂದು ಫೋನ್ ಮಾಡಿ. ಥಂಡರ್‌ಬರ್ಡ್ ಎದ್ದು ಹೋದರೂ ಆಂಟಿವೈರಸ್ ತನ್ನ ಕೆಲಸ ಮುಂದುವರಿಸಿರಬಹುದು. 1988ರಲ್ಲೇ ಇದರ ಬಗ್ಗೆ ಆರ್‌ಎಫ್‌ಸಿ 1047 ಬಂದಿದೆ: ಕೊನೆಯ ಉತ್ತರಕ್ಕೆ ಕಾಯದೆ ಹೋದರೆ ಒಂದೇ ಮೇಲ್ ಎರಡೆರಡು ಸಲ ಮುಟ್ಟುತ್ತದೆ ಅಂತ.

ಕರಡು_ತಿದ್ದುವವಳು · ಮಂಗಳವಾರ, ರಾತ್ರಿ 9.05

ಅಥಾರಿಟೀಸ್ ಪಟ್ಟಿಯಲ್ಲಿ ಆಂಟಿವೈರಸ್ ಹೆಸರು ಇದೆ. ಇಷ್ಟು ದಿನ ನನ್ನ ಪತ್ರಗಳನ್ನೆಲ್ಲ ಅದು ಬಿಚ್ಚಿ ಓದಿ ಮತ್ತೆ ಅಂಟಿಸುತ್ತಿತ್ತೇ?

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡೋಣ ಅಂತ ಮೊದಲು ಕಾಯುವ ಮಿತಿಯನ್ನು ಮಾತ್ರ ಹೆಚ್ಚಿಸಿದೆ. ಸೆಟ್ಟಿಂಗ್ಸ್‌ನ ಜನರಲ್ ಪುಟದ ಕೊನೆಯಲ್ಲಿರುವ ಕಾನ್ಫಿಗ್ ಎಡಿಟರ್‌ಗೆ ಹೋಗಿ, ಟಿಸಿಪಿ ಟೈಮ್ಔಟ್ ಅಂತ ಹುಡುಕಿದರೆ ಮೇಲ್‌ನ್ಯೂಸ್ ಎಂದು ಶುರುವಾಗುವ ಒಂದು ಸಾಲು ಸಿಕ್ಕಿತು. ಅದರಲ್ಲಿ 100 ಇತ್ತು! 300 ಮಾಡಿದೆ. ಅದೇ ಪಿಡಿಎಫನ್ನು ನನ್ನ ಇನ್ನೊಂದು ಐಡಿಗೆ ಕಳಿಸಿದೆ. ಪಟ್ಟಿ ಮೂರು ಸೆಕೆಂಡಿನಲ್ಲಿ ತುಂಬಿತು, ನಿಂತಿತು, 2 ನಿಮಿಷ 14 ಸೆಕೆಂಡಿಗೆ ಹೋಯಿತು.

ಆಮೇಲೆ ಅದನ್ನು ಮತ್ತೆ 100 ಮಾಡಿ, ಆಂಟಿವೈರಸ್‌ನಲ್ಲಿ ಹೊರಹೋಗುವ ಮೇಲ್ ಸ್ಕ್ಯಾನ್ ಒಂದನ್ನು ಆಫ್ ಮಾಡಿದೆ. ಈ ಸಲ ಹಸಿರು ಪಟ್ಟಿ ತೆವಳಿಕೊಂಡು ತೆವಳಿಕೊಂಡು ಹೋಯಿತು. ಎರಡು ನಿಮಿಷದ ಮೇಲೆ ಸ್ವಲ್ಪ ಆಯಿತು, ಹೋಯಿತು. ಸಮಯ ಉಳಿಯಲಿಲ್ಲ. ಆದರೆ ಪಟ್ಟಿ ಈಗ ಸುಳ್ಳು ಹೇಳುತ್ತಿಲ್ಲ. ಅದು ನನಗೆ ಮುಖ್ಯ.

ಆ ಸ್ಕ್ಯಾನ್ ಆಫ್ ಇಟ್ಟರೆ ಅಪಾಯ ಉಂಟೇ?

ಹಳೇ_ಮೋಡೆಮ್ · ಮಂಗಳವಾರ, ರಾತ್ರಿ 9.30

ನನ್ನ ಅಭಿಪ್ರಾಯದಲ್ಲಿ ಇಲ್ಲ. ನೀವು ಅಟ್ಯಾಚ್ ಮಾಡುವ ಫೈಲ್ ಮೊದಲೇ ನಿಮ್ಮ ಡಿಸ್ಕ್‌ನಲ್ಲಿದೆ. ಅಲ್ಲಿ ಅದನ್ನು ನೋಡಲು ಆಂಟಿವೈರಸ್‌ನ ಮಾಮೂಲಿ ಕಾವಲು ಇದ್ದೇ ಇದೆ. ಇಡೀ ಆಂಟಿವೈರಸ್ ಆಫ್ ಮಾಡಬೇಡಿ, ಅಷ್ಟೇ.

ಇನ್ನೊಂದು ಒಪ್ಪಿಕೊಳ್ಳಬೇಕು. ನಿನ್ನೆಯ ಪೋರ್ಟ್ ಪರೀಕ್ಷೆಗೆ ಮೊದಲೇ ನಾನು ಆಂಟಿವೈರಸ್ ಬಗ್ಗೆ ಕೇಳಬೇಕಿತ್ತು. ಕೆಲವು ಆಂಟಿವೈರಸ್‌ಗಳು ಹೊರಗಿನ ಪೋರ್ಟ್ ಮುಚ್ಚಿದ್ದರೂ ತಾವೇ ಕನೆಕ್ಷನ್ ಹಿಡಿದು ಟ್ರೂ ಅನ್ನಿಸಿಬಿಡುತ್ತವೆ. ನಿಮ್ಮದು 25ಕ್ಕೆ ಫಾಲ್ಸ್ ಕೊಟ್ಟಿದ್ದು ನಮ್ಮ ಅದೃಷ್ಟ.

ಪೆಂಗ್ವಿನ್_ಮರಿ · ಬುಧವಾರ, ಬೆಳಿಗ್ಗೆ 10.10

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಲಿನಕ್ಸ್, ಆಂಟಿವೈರಸ್ ಇಲ್ಲ, 587 ಸ್ಟಾರ್ಟ್‌ಟಿಎಲ್‌ಎಸ್ ಸರಿಯಾಗಿದೆ. ಆದರೂ ಆಗಾಗ ಟೈಮ್ಔಟ್. ಒಮ್ಮೆ ಹೋಗುತ್ತದೆ, ಒಮ್ಮೆ ಇಲ್ಲ.

ಸೊನ್ನೆ_ಒಂದು · ಬುಧವಾರ, ಬೆಳಿಗ್ಗೆ 10.45

ಸರ್ವರ್‌ಗೆ ಐಪಿವಿ6 ಎಂಬ ಹೊಸ ಬಗೆಯ ಇಂಟರ್ನೆಟ್ ವಿಳಾಸವೂ ಇದ್ದು, ನಿಮ್ಮ ಕಡೆ ಐಪಿವಿ6 ಅರ್ಧಂಬರ್ಧ ಇದ್ದರೆ ಹೀಗಾಗುತ್ತದೆ. ಅದೇ ಕಾನ್ಫಿಗ್ ಎಡಿಟರ್‌ನಲ್ಲಿ ಡಿಸೇಬಲ್ ಐಪಿವಿ6 ಅಂತ ಹುಡುಕಿ ಟ್ರೂ ಮಾಡಿ ಎರಡು ದಿನ ನೋಡಿ. ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿ ನೋಡಿ. ಆಗಲಿಲ್ಲ ಅಂದರೆ ಬೇರೆ ಪ್ರಶ್ನೆಯಾಗಿ ಹಾಕಿ, ಇಲ್ಲಿ ಬೆರೆಸಿದರೆ ಇಬ್ಬರಿಗೂ ಗೊಂದಲ.

ಕರಡು_ತಿದ್ದುವವಳು · ಬುಧವಾರ, ಸಂಜೆ 5.20

ಫೋನ್ ಮಾಡಿದೆ. ಪುಟ ಜೋಡಿಸುವವರಿಗೆ ಮೂರೂ ಮುಟ್ಟಿವೆ! ನಾನು ಟೈಮ್ಔಟ್ ಆಯಿತು ಅಂತ ತಲೆ ಚಚ್ಚಿಕೊಳ್ಳುತ್ತಿದ್ದ ಮೂರೂ.

ಅವರು ಪಾಪ, ಒಂದೇ ಹೆಸರಿನ ಮೂರು ಫೈಲ್ ಬಂದಿವೆ ಅಂದರೆ ನಾನು ಮೂರು ಸಲ ತಿದ್ದಿರಬೇಕು ಅಂದುಕೊಂಡರಂತೆ. ನಿನ್ನೆ ಮಧ್ಯಾಹ್ನದಿಂದ ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು ಏನು ಬದಲಾಗಿದೆ ಅಂತ ಸಾಲು ಸಾಲಾಗಿ ಹುಡುಕುತ್ತಿದ್ದಾರೆ. 140ನೇ ಪುಟದವರೆಗೆ ಬಂದಿದ್ದರು. ವ್ಯತ್ಯಾಸ ಒಂದೂ ಸಿಗಲಿಲ್ಲ. ಆದರೆ 86ನೇ ಪುಟದಲ್ಲಿ ನಾನು ಬಿಟ್ಟಿದ್ದ ಒಂದು ಒತ್ತಕ್ಷರದ ತಪ್ಪು ಸಿಕ್ಕಿದೆಯಂತೆ. ಮೂರರಲ್ಲೂ.